ಚಿನ್ನದ ರಿಬ್ಬನ್ನು, ಚಿಲ್ಲರೆ ಖರ್ಚು

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಬಗ್ಗೆ ಏಕಾಏಕಿ ಕರುಣೆ ಉಕ್ಕುತ್ತದೆ. ಎಚ್‌ಆರ್ ವಿಭಾಗದಿಂದ ಮೇಲ್ ಬರುತ್ತದೆ: ಶುಕ್ರವಾರ ಎಲ್ಲರೂ ಹಳದಿ ಟೀ ಶರ್ಟ್ ಧರಿಸಿ ಬರತಕ್ಕದ್ದು, ಗ್ರೂಪ್ ಫೋಟೋ ಸಂಜೆ ನಾಲ್ಕಕ್ಕೆ, ಕ್ಯಾಂಟೀನ್ ಪಕ್ಕ. ಇದು ಜಗತ್ತಿನಾದ್ಯಂತ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು, ಅದರ ಗುರುತು ಚಿನ್ನದ ಬಣ್ಣದ ರಿಬ್ಬನ್ನು. ಚಿನ್ನದ ಬಣ್ಣದ ಟೀ ಶರ್ಟ್ ಸಗಟಿನಲ್ಲಿ ಸಿಗದ ಕಾರಣ ಹಳದಿಯಲ್ಲೇ ಸುಧಾರಿಸಿಕೊಳ್ಳುತ್ತಾರೆ. ಅಕ್ಟೋಬರ್ ಒಂದಕ್ಕೆ ಅದೇ ಬಲೂನ್ ಕಮಾನು ಗುಲಾಬಿಯಾಗುತ್ತದೆ, ಅದು ಸ್ತನ ಕ್ಯಾನ್ಸರಿನ ತಿಂಗಳು. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಮತ್ತೆ ಹಳದಿ ಬೇಕು, ಪಕ್ಕದಲ್ಲಿ ಒಂದಿಷ್ಟು ಕೆಂಪು ಸೇರಿಸಿದರಾಯಿತು. ಹಾಗಾಗಿ ಸೆಪ್ಟೆಂಬರಿನಲ್ಲಿ ಮಿಕ್ಕ ಬಲೂನು ದಂಡವಾಗುವುದಿಲ್ಲ. ಈವೆಂಟ್ ಮ್ಯಾನೇಜ್‌ಮೆಂಟಿನವರ ದೂರದೃಷ್ಟಿಯನ್ನು ಮೆಚ್ಚಬೇಕು.

ಜಾಗೃತಿ ಅಂದಮೇಲೆ ಪೋಸ್ಟರ್ ಇರಬೇಕಲ್ಲ. ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಂಟಿಸಿದ್ದನ್ನು ಓದಿದೆ. ನಿಮ್ಮ ಮಗುವನ್ನು ಕ್ಯಾನ್ಸರಿನಿಂದ ಕಾಪಾಡಿ, ಜಂಕ್ ಫುಡ್ ಬೇಡ, ಮೊಬೈಲ್ ಬೇಡ, ದಿನಾ ಬೆಳಿಗ್ಗೆ ಸೂರ್ಯನಮಸ್ಕಾರ ಎಂದು ಬರೆದಿತ್ತು. ದೊಡ್ಡವರ ಕ್ಯಾನ್ಸರಿಗೆ ಬೀಡಿ, ಗುಟ್ಕಾ, ಸಾರಾಯಿ ಅಂತ ಕಾರಣ ಹೇಳಬಹುದು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಬಹುಪಾಲಿಗೆ ಅಂಥ ಯಾವ ಕಾರಣವೂ ಇಲ್ಲವೆಂದು ವೈದ್ಯರು ಬಾಯಿ ನೋಯುವಷ್ಟು ಹೇಳಿದ್ದಾರೆ. ಎರಡು ವರ್ಷದ ಕೂಸು ಅದೆಷ್ಟು ಗೋಬಿ ಮಂಚೂರಿ ತಿಂದೀತು? ಆದರೆ ಆ ಕೂಸಿನ ತಾಯಿ ಲಿಫ್ಟಿನಲ್ಲಿ ನಿಂತು ಅದನ್ನು ಓದಿದರೆ, ತಾನು ಬಸುರಿಯಾಗಿದ್ದಾಗ ತಿಂದ ಪಾನಿಪುರಿಯವರೆಗೆ ಲೆಕ್ಕ ಹಾಕಿಕೊಂಡು ಕೂರುತ್ತಾಳೆ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ, ಮನೆದೇವರಿಗೆ ಹರಕೆ ಬಾಕಿಯಿತ್ತಾ ಎಂದು ಅತ್ತೆ ಮನೆಯವರು ಆಗಲೇ ವಿಚಾರಣೆ ಮುಗಿಸಿರುತ್ತಾರೆ. ಮೇಲ್ಮನವಿಯ ಕೆಲಸವನ್ನು ಈ ಪೋಸ್ಟರ್ ವಹಿಸಿಕೊಂಡಿತು.

ಜನಕ್ಕೆ ನಿಜಕ್ಕೂ ತಿಳಿಸಬೇಕಾದ್ದು ಬೇಕಾದಷ್ಟಿದೆ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿಕೊಂಡ ಮುಖ, ಬೀಳದೆ ಏಳದೆ ಮೈಮೇಲೆ ಮೂಡುವ ನೀಲಿ ಕಲೆ, ದಿನದಿಂದ ದಿನಕ್ಕೆ ಉಬ್ಬುವ ಹೊಟ್ಟೆ, ಬೆಳಿಗ್ಗೆ ಎದ್ದ ಕೂಡಲೇ ತಲೆನೋವಿನ ಜೊತೆ ವಾಂತಿ. ಇವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ, ಟಾನಿಕ್ ಕುಡಿಸುತ್ತಾ ಕಾಲ ಕಳೆಯಬೇಡಿ ಅಂತ ಬರೆಯಬಹುದಿತ್ತು. ಇನ್ನೊಂದಿದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ ಅದು ರೆಟಿನೋಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಆಗಿರಬಹುದು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಇದನ್ನು ಬೇಗ ಹಿಡಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ದೃಷ್ಟಿಯೂ ಉಳಿಯುತ್ತದೆ. ನಾಮಕರಣದಿಂದ ಹಿಡಿದು ಮೊದಲ ಹಲ್ಲಿನವರೆಗೆ ಮೊಬೈಲಿನಲ್ಲಿ ಫೋಟೋ ತೆಗೆಯುವ ದೇಶಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗೃತಿ ಇನ್ನೊಂದಿಲ್ಲ. ಆದರೆ ಪೋಸ್ಟರಿನಲ್ಲಿ ಮೊಬೈಲ್ ಬೇಡ ಅಂತ ಆಗಲೇ ಬರೆದಾಗಿದೆಯಲ್ಲ.

ಇನ್ನು ಚೆಕ್ಕಿನ ಸಮಾಚಾರ. ದಾನದ ಚೆಕ್ಕು ಬ್ಯಾಂಕಿಗೆ ಹೋಗುವ ಚೆಕ್ಕಿನಂತಿರುವುದಿಲ್ಲ. ಅದು ಆರಡಿ ಉದ್ದ, ಮೂರಡಿ ಅಗಲ, ಫೋಮ್ ಬೋರ್ಡಿನ ಮೇಲೆ ಅಂಟಿಸಿದ ಫ್ಲೆಕ್ಸ್. ಮೊತ್ತಕ್ಕಿಂತ ಲೋಗೋ ದೊಡ್ಡದು. ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಅಂಥದ್ದೊಂದು ಬಂದಾಗ ನಾನು ಅಲ್ಲೇ ಇದ್ದೆ. ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೇಲೆ ತಾಗುತ್ತಿತ್ತು, ಅಡ್ಡ ಹಿಡಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಕಡೆಗೆ ಇಬ್ಬರು ವಾರ್ಡ್ ಬಾಯ್‌ಗಳು ಅದನ್ನು ಮಂಚದ ಹಾಗೆ ಹೊತ್ತು ಮೆಟ್ಟಿಲು ಹತ್ತಿಸಿದರು. ಅಷ್ಟು ಹೊತ್ತು ಸ್ಕ್ಯಾನಿಂಗಿಗೆ ಕರೆದೊಯ್ಯಬೇಕಿದ್ದ ಹುಡುಗಿ ಗಾಲಿಕುರ್ಚಿಯಲ್ಲಿ ಕಾದಳು. ಚೆಕ್ಕಿಗೆ ಆದ್ಯತೆ.

ಫೋಟೋಗ್ರಾಫರನಿಗೊಂದು ಮಗು ಬೇಕಿತ್ತು. ಕೀಮೋ ನಡೆಯುತ್ತಿರುವವರ ರಕ್ತದ ಕೌಂಟ್ ಇಳಿದಿರುತ್ತದೆ, ಹತ್ತು ಜನರ ನಡುವೆ ನಿಲ್ಲಿಸುವಂತಿಲ್ಲ ಎಂದು ಸಿಸ್ಟರ್ ಹೇಳಿದರು. "ಒಂದೇ ನಿಮಿಷ ಸಿಸ್ಟರ್, ಮಾಸ್ಕ್ ತೆಗೆದು ಒಂದು ಸ್ಮೈಲ್ ಅಷ್ಟೇ" ಅಂದ. ಸಿಸ್ಟರ್ ಒಪ್ಪಲಿಲ್ಲ. ಚಿಕಿತ್ಸೆ ಮುಗಿಸಿ ತಪಾಸಣೆಗೆ ಬಂದಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಸಿಕ್ಕ. ಆದರೆ ಅವನ ತಲೆ ತುಂಬ ಕೂದಲಿತ್ತು, ಕೆನ್ನೆ ಗುಂಡಗಿತ್ತು. ಫೋಟೋಗ್ರಾಫರ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಇವನು ಪೇಷೆಂಟ್ ಥರ ಕಾಣಲ್ವಲ್ಲ ಸರ್" ಎಂದು ಚೆಕ್ಕು ತಂದ ಸಾಹೇಬರ ಕಡೆ ತಿರುಗಿದ. ಗುಣವಾಗಿದ್ದೇ ಆ ಹುಡುಗನ ತಪ್ಪಾಯಿತು.

ಈ ಇಡೀ ಕಾರುಬಾರಿನ ಮೂಲಪುರುಷನನ್ನು ಹುಡುಕಿಕೊಂಡು ಹೋದರೆ 1948ರ ಬಾಸ್ಟನ್ನಿಗೆ ಹೋಗಬೇಕು. ಸಿಡ್ನಿ ಫಾರ್ಬರ್ ಅಂತ ಒಬ್ಬ ವೈದ್ಯ. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು ನೋಡಿದ. 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. ಅದುವರೆಗೆ ಆ ಕಾಯಿಲೆ ಬಂದರೆ ವಾರ, ತಿಂಗಳ ಲೆಕ್ಕ ಅಷ್ಟೇ. ಮುಂದಿನ ಸಂಶೋಧನೆಗೆ ದುಡ್ಡು ಬೇಕಿತ್ತು. ಆ ವರ್ಷ ಮೇ 22ರಂದು ರಾಲ್ಫ್ ಎಡ್ವರ್ಡ್ಸ್ ನಡೆಸುತ್ತಿದ್ದ ರೇಡಿಯೊ ಕಾರ್ಯಕ್ರಮದಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ 12 ವರ್ಷದ ಹುಡುಗನೊಬ್ಬನನ್ನು ಮಾತಾಡಿಸಿದರು. ಹೆಸರು ಜಿಮ್ಮಿ ಎಂದರು. ಬೇಸ್‌ಬಾಲ್ ಅಂದರೆ ಪ್ರಾಣ. ಅವನ ಮೆಚ್ಚಿನ ತಂಡದ ಆಟಗಾರರು ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದರು. 20 ಸಾವಿರ ಡಾಲರ್ ಸೇರಿದರೆ ಹುಡುಗನಿಗೆ ಆಟ ನೋಡಲು ಟಿವಿ ಸಿಗುತ್ತದೆ ಎಂದು ಕೇಳುಗರಿಗೆ ಹೇಳಿದರು. ಸೇರಿದ್ದು 2 ಲಕ್ಷ 31 ಸಾವಿರ ಡಾಲರಿಗೂ ಮೇಲೆ. ಟಿವಿಯೂ ಬಂತು, ಕೆಲವೇ ವರ್ಷಗಳಲ್ಲಿ ಸಂಶೋಧನೆಗೆ ಕಟ್ಟಡವೂ ಎದ್ದಿತು.

ಹುಡುಗನ ನಿಜವಾದ ಹೆಸರು ಐನಾರ್ ಗುಸ್ತಾಫ್‌ಸನ್. ಗುಟ್ಟು ಕಾಪಾಡಲು ಜಿಮ್ಮಿ ಎಂದಿದ್ದರು. ನಿಧಿ ಅವನ ಹೆಸರಿನಲ್ಲೇ ಬೆಳೆಯಿತು, ಕೋಟಿಗಟ್ಟಲೆ ಹರಿದುಬಂತು. ಪಾಪ, ಆ ಹುಡುಗ ಆಗಲೇ ತೀರಿಕೊಂಡಿರಬೇಕೆಂದು ಬಹಳ ಜನ ತಮ್ಮಷ್ಟಕ್ಕೆ ತೀರ್ಮಾನಿಸಿದರು. ಆಸಾಮಿ ಗುಣವಾಗಿ, ಮೇಯ್ನ್ ರಾಜ್ಯದಲ್ಲಿ ಮದುವೆ ಮಕ್ಕಳು ಎಲ್ಲ ಮಾಡಿಕೊಂಡು, ದೂರದೂರಕ್ಕೆ ಲಾರಿ ಓಡಿಸಿಕೊಂಡು ಗಟ್ಟಿಮುಟ್ಟಾಗಿದ್ದ. ನಿಧಿಗೆ 50 ತುಂಬಿದ 1998ರಲ್ಲಿ 'ನಾನೇ ಜಿಮ್ಮಿ' ಎಂದು ಜಗತ್ತಿನ ಮುಂದೆ ಬಂದು ನಿಂತ. ದೇಣಿಗೆ ಎತ್ತುವವರ ಕನಸಿನ ಮಗು ಹನ್ನೆರಡಕ್ಕೇ ನಿಂತುಬಿಡಬೇಕು. ಅರವತ್ತೆರಡರ ಲಾರಿ ಡ್ರೈವರ್ ಆಗಿ ಹೊಟ್ಟೆ ಬೆಳೆಸಿಕೊಂಡು ಬರುವುದು ಯಾವ ಬ್ರೋಷರಿಗೂ ಹೊಂದುವುದಿಲ್ಲ. ಸಂಶೋಧನೆ ಫಲ ಕೊಟ್ಟಿತು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎನ್ನುವುದು ಬೇರೆ ಮಾತು.

ಆ ಕಾರ್ಯಕ್ರಮದಲ್ಲಿ ಹೆಸರು ಬಾರದವನು ಇನ್ನೊಬ್ಬನಿದ್ದ. ಫಾರ್ಬರ್ ಕೈಗೆ ಅಮಿನೊಪ್ಟೆರಿನ್ ಕೊಟ್ಟದ್ದು ಲೆಡರ್ಲೆ ಕಂಪನಿಯ ಪ್ರಯೋಗಾಲಯ; ಅಲ್ಲಿನ ಸಂಶೋಧನೆಯ ಮುಖ್ಯಸ್ಥ ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರದವರು. ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮೆಥೊಟ್ರೆಕ್ಸೇಟ್ ಹುಟ್ಟಿದ್ದೂ ಅವರ ತಂಡದ ಕೈಯಲ್ಲೇ. ರೇಡಿಯೊದವರು ಹಾಸಿಗೆಯ ಬಳಿಗೆ ಹೋದರೇ ಹೊರತು ಪ್ರಯೋಗಾಲಯದ ಬಳಿಗೆ ಹೋಗಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ನಮ್ಮ ದೇಶ ಅವರ ನೂರನೇ ವರ್ಷಕ್ಕೆ ಒಂದು ಅಂಚೆ ಚೀಟಿ ತಂದು ಋಣ ತೀರಿಸಿಕೊಂಡಿತು.

ಬಾಸ್ಟನ್ನಿನವರು ಮಾಡಿದ್ದೂ ನಾಟಕವೇ, ಇರಲಿ. ಆ ನಾಟಕದ ಗಲ್ಲಾಪೆಟ್ಟಿಗೆಯ ದುಡ್ಡು ಪ್ರಯೋಗಾಲಯಕ್ಕೆ ಹೋಯಿತು. ನಾವು ನಾಟಕವನ್ನು ಪರದೆ ಸಮೇತ ತರಿಸಿಕೊಂಡು ಪ್ರಯೋಗಾಲಯವನ್ನು ಅಲ್ಲೇ ಬಿಟ್ಟು ಬಂದೆವು.

ಇಲ್ಲಿ ಸಂಶೋಧನೆ ಅಂದರೇನು ಅನ್ನುವುದನ್ನೂ ಒಂದಿಷ್ಟು ನೋಡಬೇಕು. ಸಂಶೋಧನೆ ಅಂದಕೂಡಲೇ ನಮ್ಮ ದಾನಿಗಳ ಕಣ್ಣಮುಂದೆ ಬರುವುದು ಬಿಳಿ ಕೋಟು, ಹೊಗೆಯಾಡುವ ಗಾಜಿನ ಬುಡ್ಡಿ, 'ಸಿಕ್ಕಿತು!' ಎಂದು ಕೂಗುವ ವಿಜ್ಞಾನಿ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅರವತ್ತರ ದಶಕದ ಆರಂಭದಲ್ಲಿ ಹತ್ತು ಮಕ್ಕಳಲ್ಲಿ ಒಬ್ಬರು ಉಳಿದರೆ ಹೆಚ್ಚು. ಈಗ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಈ ದಾರಿಯಲ್ಲಿ ಬಳಸಿದ ಔಷಧಗಳಲ್ಲಿ ಹೆಚ್ಚಿನವು ಅಜ್ಜನ ಕಾಲದವು. ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ 1953ರದು, ವಿನ್‌ಕ್ರಿಸ್ಟಿನ್ 1963ರದು, ಮೆಥೊಟ್ರೆಕ್ಸೇಟ್ ಇವೆರಡಕ್ಕಿಂತ ಹಿರಿಯ. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಜೊತೆಯವರು 1962ರಿಂದ ಮಾಡಿದ್ದು ಇಷ್ಟು: ಇರುವ ಔಷಧಗಳನ್ನೇ ಸೇರಿಸಿ ಕೊಟ್ಟರು, ಮಿದುಳಿನಲ್ಲಿ ಅಡಗಿದ ರೋಗಕ್ಕೂ ಮದ್ದು ಮಾಡಿದರು, ಪ್ರತಿ ಮಗುವಿಗೂ ಏನಾಯಿತೆಂದು ಬರೆದಿಟ್ಟರು. ಬರೆದದ್ದನ್ನು ಓದಿ ಮುಂದಿನ ಮಗುವಿಗೆ ಪ್ರಮಾಣ ತಿದ್ದಿದರು. ಆ ದಶಕ ಮುಗಿಯುವ ಹೊತ್ತಿಗೆ ಅರ್ಧದಷ್ಟು ಮಕ್ಕಳು ಉಳಿಯುವಂತಾಯಿತು. ಆಮೇಲಿನದ್ದೂ ಹೀಗೆ ಬರೆದು, ಹೋಲಿಸಿ, ತಿದ್ದಿ ಬಂದದ್ದೇ. ಹೊಸ ದುಬಾರಿ ಔಷಧಗಳು ಬಂದಿವೆ, ಇಲ್ಲವೆನ್ನುವುದಿಲ್ಲ. ಬಹುಪಾಲು ದಾರಿಯನ್ನು ಮಾತ್ರ ಲಾಂಗ್ ಬುಕ್ಕೇ ಸವೆಸಿದ್ದು.

ನಮ್ಮಲ್ಲೂ ಮಾಡುವವರಿದ್ದಾರೆ. ದೇಶದ ಹಲವು ಊರುಗಳ ಆಸ್ಪತ್ರೆಗಳು ಸೇರಿ ಇದೇ ಕಾಯಿಲೆಗೆ ಒಂದೇ ಚಿಕಿತ್ಸಾಕ್ರಮವಿಟ್ಟುಕೊಂಡು, ಫಲಿತಾಂಶ ಬರೆದಿಡುವ ಐಸಿಕಲ್ ಎಂಬ ಅಧ್ಯಯನವನ್ನು ನಡೆಸಿವೆ. ನಮ್ಮ ಮಕ್ಕಳ ಮೈಬಲ ಬೇರೆ, ಸೋಂಕು ಬೇರೆ. ಅಮೆರಿಕದ ಡೋಸನ್ನು ಕಣ್ಣು ಮುಚ್ಚಿ ಕೊಟ್ಟರೆ ಕಾಯಿಲೆಗೂ ಮುಂಚೆ ಔಷಧವೇ ಮಗುವನ್ನು ಮುಗಿಸಬಹುದು. ಅದಕ್ಕೇ ನಮ್ಮ ಲೆಕ್ಕ ನಾವೇ ಬರೆಯಬೇಕು. ಬರೆಯಲು ಬೇಕಾದ್ದು ಒಬ್ಬ ಡೇಟಾ ಗುಮಾಸ್ತ. ಫೈಲು ನೋಡಿ ತುಂಬುವುದು, ತಪಾಸಣೆಗೆ ಬಾರದ ಮನೆಗೆ ಫೋನ್ ಮಾಡಿ 'ಯಾಕಮ್ಮಾ ಈ ವಾರ ಬರಲಿಲ್ಲ?' ಎಂದು ಕೇಳುವುದು ಅವನ ಕೆಲಸ.

ಪರಿಚಯದ ವೈದ್ಯರೊಬ್ಬರು ಈ ಗುಮಾಸ್ತನಿಗಾಗಿ ಕಂಪನಿಯೊಂದರ ಸಿಎಸ್‌ಆರ್ ಕಚೇರಿಗೆ ಹೋಗಿದ್ದರು. ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕಲ್ಲ, 2013ರ ಕಂಪನಿ ಕಾಯ್ದೆ. ಅಲ್ಲಿ ನಡೆದ ಮಾತುಕತೆಯನ್ನು ಡಾಕ್ಟರು ನನಗೆ ಅಭಿನಯ ಸಹಿತ ಹೇಳಿದರು.

"ಡಾಕ್ಟ್ರೇ, ಮೆಷಿನ್ ಏನಾದ್ರೂ ಕೇಳಿ, ಈಗಲೇ ಕೊಡ್ತೀವಿ."

"ಮೆಷಿನ್ ಇದೆ ಸರ್. ಬರೆಯೋಕೆ ಜನ ಇಲ್ಲ. ಇಬ್ಬರಿಗೆ ಐದು ವರ್ಷದ ಸಂಬಳ ಕೊಟ್ಟರೆ ಸಾಕು."

"ಸಂಬಳಾನಾ? ನೋಡಿ, ಮೆಷಿನ್ ಆದ್ರೆ ಅದರ ಮೇಲೆ ನಮ್ಮ ಕಂಪನಿ ಹೆಸರು ಹಾಕಬಹುದು. ಗುಮಾಸ್ತನ ಹಣೆ ಮೇಲೆ ಹಾಕೋಕಾಗುತ್ತಾ?"

"ಐದು ವರ್ಷ ಆದಮೇಲೆ ಎಷ್ಟು ಮಕ್ಕಳು ಉಳಿದರು ಅಂತ ನಿಮಗೆ ಲೆಕ್ಕ ಕೊಡಬಹುದು ಸರ್."

"ಐದು ವರ್ಷ ಅಂದ್ರೆ ನಾನೇ ಇಲ್ಲಿ ಇರಲ್ಲ ಡಾಕ್ಟ್ರೇ. ಮಾರ್ಚ್ 31ರೊಳಗೆ ಏನಾದ್ರೂ ರಿಸಲ್ಟ್ ತೋರಿಸೋಕಾಗುತ್ತಾ ನೋಡಿ."

ನಿಯಮದಲ್ಲೂ ಹಾಗೇ ಇದೆ. ವರ್ಷ ದಾಟಿ ನಡೆಯುವ ಯೋಜನೆಗೆ, ಆರಂಭಿಸಿದ ವರ್ಷವನ್ನು ಬಿಟ್ಟರೆ ಮೂರೇ ವರ್ಷ ಅವಕಾಶ. ರಕ್ತದ ಕ್ಯಾನ್ಸರಿನ ಚಿಕಿತ್ಸೆಗೇ ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಗುಣವಾಯಿತು ಅನ್ನಲು ಅದರ ಮೇಲೂ ವರ್ಷಗಟ್ಟಲೆ ಕಾಯಬೇಕು. ಕ್ಯಾನ್ಸರಿಗೆ ಆರ್ಥಿಕ ವರ್ಷದ ಶಿಸ್ತು ಕಲಿಸಲು ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ವಾರ್ಡಿಗೆ ನೇಮಿಸುವುದೊಂದೇ ದಾರಿ.

ವಿನ್‌ಕ್ರಿಸ್ಟಿನ್ ಎಂದೆನಲ್ಲ, ಅದು ಬರುವುದು ನಿತ್ಯಪುಷ್ಪದ ಗಿಡದಿಂದ. ನಮ್ಮ ಊರಿನ ಬೀದಿಬದಿಯಲ್ಲಿ, ಗುಡಿಯ ಪೌಳಿಯ ಪಕ್ಕ, ಯಾರೂ ನೀರು ಹಾಕದಿದ್ದರೂ ಗುಲಾಬಿ ಬಿಳಿ ಹೂ ಬಿಡುತ್ತದಲ್ಲ, ಅದೇ. ಮಕ್ಕಳ ಕ್ಯಾನ್ಸರುಗಳಲ್ಲಿ ಎಷ್ಟೋ ಬಗೆಗೆ ಈ ಚುಚ್ಚುಮದ್ದು ಬೇಕೇ ಬೇಕು. 2019ರಲ್ಲಿ ಅಮೆರಿಕದಲ್ಲಿ ಇದಕ್ಕೇ ಬರ ಬಂತು. ತಯಾರಿಸುತ್ತಿದ್ದ ಎರಡು ಕಂಪನಿಗಳಲ್ಲಿ ಒಂದು ಕೈಬಿಟ್ಟಿತು, ಇನ್ನೊಂದಕ್ಕೆ ಪೂರೈಸಲು ಆಗಲಿಲ್ಲ. ಹಳೆಯ ಅಗ್ಗದ ಮದ್ದು, ಲಾಭ ಅಷ್ಟಕ್ಕಷ್ಟೆ. ಡೋಸ್ ಕಡಿಮೆ ಮಾಡುವುದೇ, ಯಾವ ಮಗುವಿಗೆ ಮೊದಲು ಕೊಡುವುದು ಎಂದು ವೈದ್ಯರು ಲೆಕ್ಕ ಹಾಕುವಂತಾಯಿತು. ಸೆಪ್ಟೆಂಬರಿನ ಚಿನ್ನದ ದೀಪ ಆರಿ ಒಂದು ತಿಂಗಳೂ ಆಗಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ನಮ್ಮ ಗಾದೆ ಮಾತ್ರ ಎಂದುಕೊಂಡಿದ್ದೆ.

ಜುಟ್ಟು ಎಂದಾಗ ನೆನಪಾಯಿತು. ಅಮೆರಿಕದಲ್ಲಿ 2000ನೇ ಇಸವಿಯಿಂದ ಸೇಂಟ್ ಬಾಲ್ಡ್ರಿಕ್ಸ್ ಎಂಬ ಹೆಸರಿನಲ್ಲಿ ತಲೆ ಬೋಳಿಸಿಕೊಂಡು ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ದುಡ್ಡೆತ್ತುತ್ತಾರೆ, ಎತ್ತಿದ್ದು ಸಂಶೋಧನೆಗೇ ಹೋಗುತ್ತದೆ. ಇಲ್ಲೂ ಕೆಲವು ಸಾಹೇಬರು ಸ್ಫೂರ್ತಿಗೊಂಡು ವೇದಿಕೆ ಮೇಲೆ ಬೋಳಿಸಿಕೊಂಡರು. ಎಲ್ಲರೂ ಕಣ್ಣೊರೆಸಿಕೊಂಡರು, ದುಡ್ಡಿನ ಡಬ್ಬಿ ತಂದವರೇ ಇರಲಿಲ್ಲ. ತಿರುಪತಿಗೆ ಹೋಗಿ ಮುಡಿ ಕೊಡುವವರಿಗೆ ಇದರಲ್ಲಿ ಹೊಸದೇನೂ ಕಾಣದು. ಅಲ್ಲಾದರೆ ದೇವಸ್ಥಾನದವರು ಕೂದಲನ್ನು ಹರಾಜು ಹಾಕಿ ಕೋಟಿಗಟ್ಟಲೆ ಮಾಡುತ್ತಾರೆ. ಸಾಹೇಬರ ಕೂದಲಿಗೆ ಆ ಭಾಗ್ಯವೂ ಇರಲಿಲ್ಲ, ಅವರಿಗೆ ಇದ್ದದ್ದೇ ಹಿಂದುಗಡೆ ನಾಲ್ಕೆಳೆ.

ಸೇಂಟ್ ಜೂಡ್ ಆಸ್ಪತ್ರೆಯ ಕತೆಯೇ ಒಂದು ಹರಕೆಯ ಕತೆ. ಡ್ಯಾನಿ ಥಾಮಸ್ ಎಂಬ ಹಾಸ್ಯನಟ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಸಂತನಿಗೆ ಹರಕೆ ಹೊತ್ತ. ದಾರಿ ತೋರಿಸಿದರೆ ನಿನಗೊಂದು ಗುಡಿ ಕಟ್ಟುತ್ತೇನೆ ಎಂದ. ಮುಂದೆ ಹೆಸರು ಹಣ ಎರಡೂ ಬಂದವು. ಗುಡಿಯ ಬದಲು ಆಸ್ಪತ್ರೆ ಕಟ್ಟಿದ, ತನ್ನ ಹೆಸರಿಡಲಿಲ್ಲ, ಸಂತನ ಹೆಸರಿಟ್ಟ. ನಮ್ಮಲ್ಲಿ ವಾಟರ್ ಫಿಲ್ಟರ್ ಕೊಟ್ಟವರು ತಂದೆ, ತಾಯಿ, ಸೊಸೆ, ಮೊಮ್ಮಕ್ಕಳ ಹೆಸರು ಕೆತ್ತಿಸಿ, ಲೋಟ ಇಡಲು ಜಾಗವಿಲ್ಲದಂತೆ ಮಾಡುತ್ತಾರೆ. ಇನ್ನೂ ಮುಖ್ಯವಾದದ್ದು, ಆ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮಾತ್ರವಲ್ಲ, ಮಗುವಿನ ಮನೆಯವರ ಪ್ರಯಾಣಕ್ಕೆ, ವಾಸಕ್ಕೆ, ಊಟಕ್ಕೂ ಬಿಲ್ಲು ಕೊಡುವುದಿಲ್ಲ. ಸಂಶೋಧನೆಯ ಫಲ ಸಿಗಬೇಕಾದರೆ ಮಗು ಕೊನೆಯ ಡೋಸಿನವರೆಗೆ ಬರುತ್ತಲೇ ಇರಬೇಕು, ಬರಬೇಕಾದರೆ ಬಸ್ಸಿಗೆ ದುಡ್ಡಿರಬೇಕು ಎಂಬ ಸರಳ ಲೆಕ್ಕ ಆ ಹಾಸ್ಯನಟನಿಗೆ ತಿಳಿದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರತಿವರ್ಷ ಜಗತ್ತಿನ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30ಕ್ಕೂ ಕಡಿಮೆ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ 60 ಆಗಬೇಕೆಂದು ಆ ಸಂಸ್ಥೆ 2018ರಲ್ಲಿ ಗುರಿಯಿಟ್ಟಿತು. ಅಂತರಕ್ಕೆ ಕಾರಣಗಳ ಪಟ್ಟಿಯಲ್ಲಿ ತಡವಾದ ಪತ್ತೆ, ಔಷಧದ ಕೊರತೆಗಳ ಜೊತೆ ಇನ್ನೊಂದಿದೆ: ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು.

ಅರ್ಧಕ್ಕೆ ಬಿಡುವುದು ಹೇಗೆ ಅನ್ನುವುದನ್ನು ನೋಡಬೇಕೆಂದರೆ ಬೆಂಗಳೂರಿನ ಯಾವುದೇ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಬೆಳಿಗ್ಗೆ ಆರಕ್ಕೆ ನಿಲ್ಲಿ. ಮಾನ್ವಿ ಕಡೆಯಿಂದ ಬಂದ ಅಪ್ಪ, ಅಮ್ಮ, ಮಗಳು. ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಕೀಮೋ ಔಷಧಕ್ಕೆ ಪರದಾಟವಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು. ಮಿಕ್ಕಿದ್ದೆಲ್ಲ ಚಿಲ್ಲರೆ ಖರ್ಚು: ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆ, ಸ್ಟವ್, ಕುದಿಸಿ ಆರಿಸಿದ ನೀರು, ರಾತ್ರಿ ಜ್ವರ ಬಂದರೆ ಆಟೋ, ಊರಲ್ಲಿ ಬಿಟ್ಟುಬಂದ ಇನ್ನಿಬ್ಬರು ಮಕ್ಕಳು, ಹೊಲದ ಕೂಲಿ. ಮೊದಲ ಕೆಲವು ತಿಂಗಳು ಸಾಲ ಮಾಡಿ ತಳ್ಳುತ್ತಾರೆ. ಆಮೇಲೆ ಮಗುವಿನ ಕೌಂಟ್ ಸರಿಹೋಗುತ್ತದೆ, ಕೂದಲು ಚಿಗುರುತ್ತದೆ, ಓಡಾಡಿಕೊಂಡು ಇರುತ್ತದೆ. ಇನ್ನೂ ಒಂದೂವರೆ ವರ್ಷ ಮಾತ್ರೆ, ಸೂಜಿ ಬೇಕೆಂದು ಡಾಕ್ಟರು ಹೇಳುತ್ತಾರೆ. "ಚಲೋ ಅದಾಳಲ್ರೀ, ಇನ್ಯಾಕ ಸಾಲ ಮಾಡೂದು?" ಎಂದು ಊರ ಹಿರಿಯರು ಹೇಳುತ್ತಾರೆ. ಬಿತ್ತನೆಯ ಸಮಯ ಬೇರೆ. ಹೋದವರು ಬರುವುದಿಲ್ಲ. ಫೈಲಿನಲ್ಲಿ 'ಫಾಲೋ ಅಪ್ ತಪ್ಪಿದೆ' ಎಂದು ಒಂದು ಸಾಲು. ಆ ಸಾಲನ್ನು ಬರೆಯಲೂ ಗುಮಾಸ್ತ ಬೇಕು ನೋಡಿ.

ಹೊರಗೂರಿನ ಈ ಕುಟುಂಬಗಳಿಗೆ ಬಿಡಿಗಾಸಿಲ್ಲದೆ ಉಳಿಯಲು ಜಾಗ ಕೊಡುವ ಕೆಲಸವನ್ನು 2006ರಲ್ಲಿ ಮುಂಬೈಯಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾದವರು ಸದ್ದಿಲ್ಲದೆ ಹಲವು ಊರುಗಳಲ್ಲಿ ಮಾಡುತ್ತಿದ್ದಾರೆ. ಒಂದು ಕುಟುಂಬಕ್ಕೆ ಹಾಸಿಗೆ, ಕಪಾಟು, ಅಡುಗೆಗೊಂದು ಒಲೆ. ಅಂಥ ಕಡೆ ದಾನ ಕೊಟ್ಟರೆ ಸಿಗುವುದು ಗ್ಯಾಸ್ ಸಿಲಿಂಡರಿನ ರಸೀತಿ. ಅದನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಲೈಕು ಬೀಳುವುದಿಲ್ಲ ಎಂಬುದು ದಾನಿಗಳ ಅಂಬೋಣ.

ಲೈಕು ಬೀಳುವುದು ವಿಡಿಯೊಗಳಿಗೆ. ಹಿನ್ನೆಲೆಯಲ್ಲಿ ಕೊಳಲು, ನಿಧಾನಕ್ಕೆ ಹತ್ತಿರವಾಗುವ ಮುಖ, ತಾಯಿಯ ಬಿಕ್ಕಳಿಕೆ, ಕೆಳಗೆ ಕ್ಯೂಆರ್ ಕೋಡ್. ದುಡ್ಡಿನ ಅಗತ್ಯ ಸುಳ್ಳಲ್ಲ. ಎಷ್ಟೋ ಮಕ್ಕಳು ಇದರಿಂದಲೇ ಬದುಕಿದ್ದಾರೆ. ಆದರೆ ಈ ಸಂತೆಯಲ್ಲೂ ಮುಖಕ್ಕೆ ತಕ್ಕ ಬೆಲೆ. ನಾಲ್ಕು ವರ್ಷದ, ದೊಡ್ಡ ಕಣ್ಣಿನ ಹುಡುಗಿಗೆ ಸಂಜೆಯೊಳಗೆ ಹಣ ಸೇರುತ್ತದೆ. ಮೊಣಕಾಲಿನ ಮೂಳೆ ಕ್ಯಾನ್ಸರ್ ಬಂದಿರುವುದು ಹದಿನಾರರ ಹುಡುಗನಿಗೆ. ಮೂಳೆಯ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದೇ ಮೈ ಬೆಳೆಯುವ ಆ ವಯಸ್ಸಿನಲ್ಲಿ. ಮೀಸೆ ಚಿಗುರಿದೆ, ಮುಖದ ತುಂಬ ಮೊಡವೆ, ಕ್ಯಾಮೆರಾ ಕಂಡರೆ ಸಿಡುಕು. ಅವನ ಖಾತೆಗೆ ಬೀಳುವುದು ಅತ್ತೆ ಮಾವಂದಿರು ಹಾಕಿದ್ದಷ್ಟೇ. ಮುದ್ದಾಗಿ ಕಾಣುವ ವಯಸ್ಸಿನಲ್ಲಿ ಕಾಯಿಲೆ ಬೀಳುವ ಬುದ್ಧಿ ಅವನಿಗಿರಬೇಕಿತ್ತು.

ಮರುಕವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಐವತ್ತೂ ರಾಜ್ಯಗಳ ಜೊತೆ ಸೇರಿ ನಾಲ್ಕು ಕ್ಯಾನ್ಸರ್ ದತ್ತಿ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿತು. ಒಂದರ ಹೆಸರಿನಲ್ಲೇ 'ಮಕ್ಕಳ ಕ್ಯಾನ್ಸರ್ ನಿಧಿ' ಎಂದಿತ್ತು. 2008ರಿಂದ 2012ರವರೆಗೆ ಇವು ಜನರಿಂದ ಎತ್ತಿದ್ದು 18 ಕೋಟಿ 70 ಲಕ್ಷ ಡಾಲರ್. ಅದರಲ್ಲಿ ಕಾರು ಕೊಂಡರು, ಹಡಗಿನ ಪ್ರವಾಸ ಹೋದರು, ಜಿಮ್‌ಗೆ ಸೇರಿದರು, ಡೇಟಿಂಗ್ ವೆಬ್‌ಸೈಟಿನ ಸದಸ್ಯತ್ವವನ್ನೂ ಪಡೆದರು ಎಂದು ಆರೋಪಪಟ್ಟಿ ಹೇಳುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಿದ್ದೆವು. ಈ ಪೂಜಾರಿಗಳು ಪ್ರೇಮಕ್ಕೂ ಹುಂಡಿಯಿಂದಲೇ ತೆಗೆದರು. ಅದೇ ದೇಶದಲ್ಲಿ ಅಲೆಕ್ಸ್ ಸ್ಕಾಟ್ ಎಂಬ ನಾಲ್ಕು ವರ್ಷದ ಹುಡುಗಿ, ತನಗೇ ನರದ ಕ್ಯಾನ್ಸರ್ ಇದ್ದಾಗ, 2000ದಲ್ಲಿ ಮನೆ ಮುಂದೆ ನಿಂಬೆ ಶರಬತ್ತು ಮಾರಿ ದುಡ್ಡನ್ನು ಡಾಕ್ಟರಿಗೆ ಕೊಟ್ಟಳು. 2004ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವಳ ಹೆಸರಿನಲ್ಲಿ 10 ಲಕ್ಷ ಡಾಲರ್ ಸೇರಿತ್ತು. ಅವಳಿಗೆ ಈವೆಂಟ್ ಮ್ಯಾನೇಜರ್ ಇರಲಿಲ್ಲ. ಪಂಚತಾರಾ ಹೋಟೆಲಿನ ನಮ್ಮ ಸಹಾಯಾರ್ಥ ಔತಣಕೂಟಗಳಲ್ಲಿ ಹಾಲ್ ಬಾಡಿಗೆ, ಪಾಸ್ತಾ ಕೌಂಟರು, ಗಾಯಕರ ಸಂಭಾವನೆ ಕಳೆದು ಉಳಿಯುವುದನ್ನು ನಿವ್ವಳ ಕರುಣೆ ಎಂದು ತಿಳಿಯತಕ್ಕದ್ದು.

ದುಡ್ಡೇ ಬೇಡದ ದಾನವೊಂದಿದೆ, ಪ್ಲೇಟ್‌ಲೆಟ್. ಕೀಮೋದಲ್ಲಿರುವ ಮಗುವಿಗೆ ಅದು ಪದೇ ಪದೇ ಬೇಕು. ರಕ್ತನಿಧಿಯಲ್ಲಿ ಐದು ದಿನಕ್ಕಿಂತ ಹೆಚ್ಚು ಇಡಲಾಗದು, ಹಾಗಾಗಿ ಕೂಡಿಡುವ ಮಾತಿಲ್ಲ. ದಸರೆ ದೀಪಾವಳಿಗೆ ಊರು ಖಾಲಿಯಾದಾಗ ದಾನಿಗಳೂ ಖಾಲಿ. ಕೊಡಲು ಒಂದೂವರೆ ಗಂಟೆ ಕುರ್ಚಿಯಲ್ಲಿ ತೋಳು ಚಾಚಿ ಕೂತರೆ ಸಾಕು. ಮಕ್ಕಳ ಕ್ಯಾನ್ಸರಿಗಾಗಿ ಹತ್ತು ಕಿಲೋಮೀಟರ್ ಓಡಿ ಬಂದ ನೆರೆಮನೆಯ ತರುಣನಿಗೆ ಹೇಳಿ ನೋಡಿದೆ. "ಅಂಕಲ್, ಅಷ್ಟು ಹೊತ್ತು ಸುಮ್ನೆ ಕೂರೋಕೆ ನನ್ನಿಂದ ಆಗಲ್ಲ" ಎಂದ. ಓಟದ ಪದಕ ಕೊರಳಲ್ಲೇ ಇತ್ತು.

ಡಾಕ್ಟರ ಗುಮಾಸ್ತನ ಕತೆಗೆ ಬರೋಣ. ಯಾರೋ ಬಲ್ಲವರು ಅವರಿಗೆ ಅರ್ಜಿಯ ಭಾಷೆ ಬದಲಿಸಲು ಹೇಳಿದರಂತೆ. ಗುಮಾಸ್ತ ಎಂಬ ಶಬ್ದ ಹೊಡೆದುಹಾಕಿ 'ಎಐ ಆಧಾರಿತ ದೀರ್ಘಕಾಲಿಕ ಡೇಟಾ ಪ್ಲಾಟ್‌ಫಾರ್ಮ್' ಎಂದು ಬರೆದರು. ಎರಡೇ ವಾರದಲ್ಲಿ ಮಂಜೂರಾಯಿತು. ದೊಡ್ಡ ಪರದೆಯ ಕಂಪ್ಯೂಟರ್ ಬಂತು, ಮೇಲೆ ಹಿತ್ತಾಳೆ ಫಲಕ, ಟೇಪು ಕತ್ತರಿಸಲು ಉಪಾಧ್ಯಕ್ಷರು. ಅದರಲ್ಲಿ ತುಂಬುವವರು ಯಾರು ಎಂಬ ಪ್ರಶ್ನೆ ಟೇಪು ಬಿದ್ದ ಮೇಲೆ ಬಂತು. ಡ್ಯೂಟಿ ಸಿಸ್ಟರ್ ಈಗಲೂ ರಾತ್ರಿ ಪಾಳಿಯಲ್ಲಿ, ಡ್ರಿಪ್ ಬದಲಿಸುವ ನಡುವೆ, ಲಾಂಗ್ ಬುಕ್ಕಿನಲ್ಲಿ ಗೆರೆ ಹಾಕಿ ಬರೆಯುತ್ತಾರೆ. ಒಬ್ಬ ಆಪರೇಟರನ್ನಾದರೂ ಕೊಡಿ ಎಂದು ಡಾಕ್ಟರು ಮತ್ತೆ ಕಾಗದ ಬರೆದರು. ಉತ್ತರ ಮರುದಿನವೇ ಬಂತು: "ಸಂಬಳದ ಬಾಬ್ತು ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ. ಇನ್ನೊಂದು ಕಂಪ್ಯೂಟರ್ ಬೇಕಿದ್ದರೆ ದಯವಿಟ್ಟು ತಿಳಿಸಿ."